ಬಿಸಿಲುಕೋಲಿಗೆ ಚಿಟಿಕೆ ಹೊಗೆ

ಕೊಪ್ಪಳ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಅಡುಗೆಮನೆಯ ಬೆಳಕಿಂಡಿ ನೆನಪಿರುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಗೇಣಗಲದ ಒಂದು ತೂತು. ಹೊಗೆ ಹೋಗಲೂ ಅದೇ ದಾರಿ, ಬೆಳಕು ಬರಲೂ ಅದೇ ದಾರಿ. ಒಲೆ ಹೊತ್ತಿಸಿ ರೊಟ್ಟಿ ಬಡಿಯುವ ಹೊತ್ತಿಗೆ ಆ ಕಿಂಡಿಯಿಂದ ಬಿಸಿಲುಕೋಲೊಂದು ಇಳಿದು ನೆಲ ಮುಟ್ಟುತ್ತಿತ್ತು. ಕೈ ಚಾಚಿದರೆ ಮುಷ್ಟಿಗೆ ಸಿಕ್ಕೀತು ಅನ್ನುವಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಒಲೆ ಆರಿ ಹೊಗೆ ಹರಿದ ಮೇಲೆ ಕೋಲು ಕಣ್ಮರೆ. ನೆಲದ ಮೇಲೆ ರೊಟ್ಟಿಯಗಲದ ಬಿಸಿಲಿನ ಬಿಲ್ಲೆ ಮಾತ್ರ ಉಳಿಯುತ್ತಿತ್ತು. ಬಿಸಿಲೂ ಅದೇ, ಕಿಂಡಿಯೂ ಅದೇ. ಹೋದದ್ದು ಹೊಗೆಯೊಂದೇ.

ಬೆಳಕಿನ ಕಿರಣದ ಚಿತ್ರ ತೆಗೆಯುವ ವಿದ್ಯೆಯೆಲ್ಲ ಈ ಅಡುಗೆಮನೆಯಲ್ಲೇ ಇದೆ. ಈಗ ಒಲೆಯ ಬದಲು ಯಂತ್ರ ಬಂದಿದೆ. ಗಂಗಾವತಿಯಿಂದ ಹೇಮಗುಡ್ಡ, ಸಾಣಾಪುರ, ಆನೆಗೊಂದಿಯ ಕಡೆಗೆ ಮದುವೆ ಜೋಡಿಗಳ ಚಿತ್ರ ತೆಗೆಯಲು ಹೋಗುವ ಹುಡುಗರ ಸಾಮಾನಿನಲ್ಲಿ ಕ್ಯಾಮೆರಾ, ಟ್ರೈಪಾಡ್ ಜೊತೆಗೆ ಸ್ಮೋಕ್ ಮಷಿನ್ ಕೂಡ ಸೇರಿಕೊಂಡಿದೆ. ಡಿಜೆ, ಲೈಟಿಂಗ್ ಬಾಡಿಗೆಗೆ ಕೊಡುವವರ ಬಳಿ ಅದು ಸುಲಭವಾಗಿ ಸಿಗುತ್ತದೆ. ಆದರೆ ತೆಗೆದ ಚಿತ್ರದಲ್ಲಿ ಬಹಳ ಸಲ ಕಿರಣವೇ ಇರುವುದಿಲ್ಲ, ಬಿಳಿ ಮಬ್ಬು ಮಾತ್ರ ಇರುತ್ತದೆ. ನಾನೂ ಮೊದಲ ಸಲ ಇದನ್ನೇ ಮಾಡಿದೆ. ಕಿರಣ ಕಾಣಲಿಲ್ಲವೆಂದು ಇನ್ನಷ್ಟು ಹೊಗೆ ಬಿಟ್ಟೆ. ಆಗ ಎದುರಿಗೆ ನಿಂತ ಮನುಷ್ಯನೂ ಕಾಣದಾದ.

ಕಿರಣವನ್ನು ತೋರಿಸುವುದು ಮುಖ್ಯವಾಗಿ ಮೂರು ಸಂಗತಿ: ಬೆಳಕು ಬರುವ ಸಣ್ಣ ಕಿಂಡಿ, ಕಿರಣದ ಹಿಂದಿನ ಕತ್ತಲೆ ಮತ್ತು ನಾವು ನಿಲ್ಲುವ ಜಾಗ. ಹೊಗೆ ಅಡುಗೆಯ ಉಪ್ಪಿನಂತೆ. ಇಲ್ಲದಿದ್ದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು.

ಕಿರಣ ಕಣ್ಣಿಗೆ ಬೀಳುವುದು ಹೇಗೆ

ಬೆಳಕು ನಮ್ಮ ಪಕ್ಕದಿಂದ ಹಾದುಹೋದರೆ ಅದು ನಮಗೆ ಕಾಣುವುದಿಲ್ಲ. ಕಣ್ಣಿಗೆ ಬಂದು ಬಿದ್ದರೆ ಮಾತ್ರ ಕಾಣುತ್ತದೆ. ಗಾಳಿಯಲ್ಲಿ ಧೂಳು, ಹೊಗೆ, ಮಂಜಿನ ಹನಿ ಇದ್ದರೆ ಅವು ಬೆಳಕಿನ ಒಂದು ಪಾಲನ್ನು ದಾರಿ ತಪ್ಪಿಸಿ ನಮ್ಮ ಕಡೆಗೆ ಚೆದುರಿಸುತ್ತವೆ. ಹೀಗೆ ಚೆದುರಿದ ಬೆಳಕನ್ನೇ ನಾವು ಕಿರಣ ಎಂದು ನೋಡುತ್ತೇವೆ.

ಐರ್ಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಜಾನ್ ಟಿಂಡಾಲ್ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟ. ಪೆಟ್ಟಿಗೆಯೊಂದರ ಒಳಮೈಗೆ ಗ್ಲಿಸರಿನ್ ಸವರಿ, ಮುಚ್ಚಿ, ಕೆಲವು ದಿನ ಹಾಗೇ ಬಿಟ್ಟ. ಒಳಗಿನ ಧೂಳೆಲ್ಲ ಕೆಳಗಿಳಿದು ಗ್ಲಿಸರಿನ್‌ಗೆ ಅಂಟಿಕೊಂಡಿತು. ಆಮೇಲೆ ಪೆಟ್ಟಿಗೆಯ ಮೂಲಕ ಬೆಳಕು ಹಾಯಿಸಿದರೆ ಹೊರಗೆ ಕೋಲಿನಂತೆ ಕಾಣುತ್ತಿದ್ದ ಕಿರಣ ಪೆಟ್ಟಿಗೆಯೊಳಗೆ ಇಲ್ಲವೇ ಇಲ್ಲ. ಆಚೆ ಬದಿಯಲ್ಲಿ ಮತ್ತೆ ಪ್ರತ್ಯಕ್ಷ. ಅಂದು ಧೂಳು ಹಿಡಿದು ಕಿರಣವನ್ನು ಮಾಯ ಮಾಡಿದ ಅದೇ ಗ್ಲಿಸರಿನ್, ಇಂದು ಹೊಗೆ ಯಂತ್ರದ ದ್ರಾವಣದಲ್ಲಿ ಸೇರಿ ಕಿರಣವನ್ನು ಕಾಣಿಸುವ ಕೆಲಸ ಮಾಡುತ್ತಿದೆ.

ಕಣದ ಗಾತ್ರಕ್ಕೂ ಇಲ್ಲಿ ಬೆಲೆಯಿದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 10 ಮೈಕ್ರಾನಿನ ಹನಿ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಕೆಳಗಿಳಿಯಲು ಐದಾರು ನಿಮಿಷ ಸಾಕು. 1 ಮೈಕ್ರಾನಿನ ಹನಿಗೆ ಅಷ್ಟೇ ದೂರಕ್ಕೆ ಸುಮಾರು ಎಂಟು ಗಂಟೆ ಬೇಕು. ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ಸಮವಾಗಿ ಹರಡಿ ನಿಲ್ಲುತ್ತದೆ. ದಟ್ಟ ಹೊಗೆಗಿಂತ ತೆಳುಮಂಜು ಮೇಲು ಎನ್ನುವುದಕ್ಕೆ ಇದೇ ಕಾರಣ.

ಎಲ್ಲಿ ನಿಲ್ಲಬೇಕು

ಈ ಗಾತ್ರದ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುವುದಿಲ್ಲ. ಬಹುಪಾಲು ಬೆಳಕನ್ನು ಅದು ಹೊರಟಿದ್ದ ದಿಕ್ಕಿಗೇ, ಅಂದರೆ ಮುಂದಕ್ಕೇ ತಳ್ಳುತ್ತವೆ. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ನೋಡಿದ ಹಿರಿಯರನ್ನು ಕೇಳಿ. ಪರದೆಯ ಕಡೆ ನೋಡುವಾಗ ತಲೆಯ ಮೇಲಿನ ಬೆಳಕು ಅಷ್ಟಾಗಿ ಗಮನಕ್ಕೆ ಬರುತ್ತಿರಲಿಲ್ಲ. ತಿರುಗಿ ಪ್ರೊಜೆಕ್ಟರ್ ಕಡೆ ನೋಡಿದರೆ ಬೀಡಿ ಹೊಗೆಯಲ್ಲಿ ಬೆಳಕು ಹೊಳೆಯಂತೆ ಹರಿಯುತ್ತಿತ್ತು.

ಛಾಯಾಗ್ರಾಹಕನಿಗೂ ಇದೇ ಪಾಠ. ನೀವು ಗಡಿಯಾರದ ಆರರ ಅಂಕಿಯ ಮೇಲೆ ನಿಂತಿದ್ದೀರಿ, ಚಿತ್ರ ತೆಗೆಯಬೇಕಾದ ವ್ಯಕ್ತಿ ನಡುವೆ ಇದ್ದಾರೆ ಎಂದುಕೊಳ್ಳಿ. ಬೆಳಕು ಹತ್ತು ಅಥವಾ ಹನ್ನೊಂದರ ಕಡೆಯಿಂದ, ಇಲ್ಲವೇ ಒಂದು–ಎರಡರ ಕಡೆಯಿಂದ ಬರಲಿ. ದೀಪ ಚೌಕಟ್ಟಿನ ಹೊರಗಿರಲಿ, ಕಿರಣ ಮಾತ್ರ ಒಳಗೆ ಬರಲಿ. ಮೂರು ಅಥವಾ ಒಂಬತ್ತರ ಕಡೆಯಿಂದ ಬಂದರೆ ಕಿರಣ ಕಂಡರೂ ಮಂಕಾಗಿರುತ್ತದೆ. ನಿಮ್ಮ ಬೆನ್ನ ಹಿಂದಿನಿಂದ ಬಂದರೆ ಕಿರಣ ಬಹುತೇಕ ಹೋದಂತೆಯೇ.

ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊತ್ತಿಸಬಾರದು ಎನ್ನುವುದೂ ಇದಕ್ಕೇ. ಡಿಸೆಂಬರ್ ಬೆಳಗಿನ ಮಂಜಿನಲ್ಲಿ ಲಾರಿ ಓಡಿಸುವವರು ಹೈಬೀಮ್ ಹಾಕುವುದಿಲ್ಲ. ಹಾಕಿದರೆ ಮುಂದೆ ಬಿಳಿಗೋಡೆ ಎದ್ದು ನಿಲ್ಲುತ್ತದೆ. ಹೊಗೆಯಲ್ಲಿ ಫ್ಲ್ಯಾಶ್ ಹೊತ್ತಿಸಿದರೂ ಅಂಥದೇ ಗೋಡೆ.

ಯಂತ್ರದ ಒಳಗೆ

ಹೊಗೆ ಯಂತ್ರ ಎನ್ನುತ್ತೇವಾದರೂ ಅದರಿಂದ ಬರುವುದು ಹೊಗೆಯಲ್ಲ, ಮಂಜು. ಒಳಗೆ ಏನೂ ಉರಿಯುವುದಿಲ್ಲ. ನೀರಿಗೆ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆಸಿದ ದ್ರಾವಣವನ್ನು ಸಣ್ಣ ಪಂಪು ಕಾದ ಲೋಹದ ಗಟ್ಟಿಯೊಳಗೆ ತಳ್ಳುತ್ತದೆ. ದ್ರಾವಣ ಕ್ಷಣದಲ್ಲಿ ಆವಿಯಾಗಿ ಮೂತಿಯಿಂದ ಚಿಮ್ಮುತ್ತದೆ. ಹೊರಗಿನ ತಂಪುಗಾಳಿ ತಾಗಿದೊಡನೆ ಆವಿ ಮತ್ತೆ ಹನಿಗಟ್ಟಿ ಬಿಳಿಮೋಡವಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಸಂದಿನಿಂದ ಬರುವ ಹಬೆಯ ಕಥೆಯೂ ಇದೇ.

ಬಳಕೆಯಲ್ಲಿರುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮೇಲೆ ಹೇಳಿದ ಫಾಗ್ ಮಷಿನ್ ಅಥವಾ ಸ್ಮೋಕ್ ಮಷಿನ್. ಒಮ್ಮೆಗೇ ದಟ್ಟವಾಗಿ ಉಗುಳುತ್ತದೆ, ಅಲೆಅಲೆಯಾಗಿ ತೇಲುತ್ತದೆ. ಎರಡನೆಯದು ಹೇಜರ್. ಇದು ಬಹಳ ಸಣ್ಣ ಹನಿಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಇಡೀ ಕೋಣೆಗೆ ಕಂಡೂ ಕಾಣದಂಥ ತೆಳುಪರದೆ ಹಾಕುತ್ತದೆ. ಕಿರಣದ ಚಿತ್ರಕ್ಕೆ ಸರಿಯಾದ ಸಾಧನ ಇದೇ. ಸಂಗೀತ ಕಾರ್ಯಕ್ರಮಗಳಲ್ಲಿ ಶಾರ್ಪಿ ಲೈಟುಗಳ ಕಿರಣ ಕತ್ತಿಯಂತೆ ಕಾಣುವುದು ಇದರಿಂದ. ಮೂರನೆಯದು ಡ್ರೈ ಐಸ್, ಅಂದರೆ ಗಟ್ಟಿಗಟ್ಟಿದ ಇಂಗಾಲದ ಡೈಆಕ್ಸೈಡ್. ಅದರ ಉಷ್ಣತೆ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬಿಸಿನೀರಿಗೆ ಹಾಕಿದರೆ ಏಳುವ ಮಂಜು ಭಾರವಾಗಿ ನೆಲದಲ್ಲೇ ಹರಿಯುತ್ತದೆ. ವಧೂವರರು ಮೋಡದ ಮೇಲೆ ನಿಂತಂತೆ ತೋರಿಸಲು ಅದು ಸರಿ. ಮೇಲಿನಿಂದ ಇಳಿಯುವ ಕಿರಣಕ್ಕೆ ಉಪಯೋಗವಿಲ್ಲ, ಏಕೆಂದರೆ ಕಿರಣವಿರುವ ಎತ್ತರಕ್ಕೆ ಆ ಮಂಜು ಏರುವುದೇ ಇಲ್ಲ.

ಯಂತ್ರ ಬರುವ ಮುಂಚೆ ಸಿನಿಮಾದವರು ಕೆಂಡದ ಮೇಲೆ ಲೋಬಾನ, ಸಾಂಬ್ರಾಣಿ ಉದುರಿಸಿ ಹೊಗೆ ಎಬ್ಬಿಸುತ್ತಿದ್ದರು. ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಏಳುವ ಊದಿನ ಹೊಗೆಯಲ್ಲಿ ಬೆಳಕು ಎಷ್ಟು ಚೆಂದ ಕಾಣುತ್ತದೆ ಎಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಆದರೆ ಕೆಂಡದ ಹೊಗೆ ನಿಜವಾದ ಹೊಗೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಪ್ರಾಣಕ್ಕೇ ಅಪಾಯ.

ಕರೆಂಟು ಮತ್ತು ಕ್ರಮ

ಯಂತ್ರವನ್ನು ಹಳ್ಳಿಯ ಮನೆಯಲ್ಲಿ ಚುಚ್ಚುವ ಮುಂಚೆ ವ್ಯಾಟ್ ನೋಡಿಕೊಳ್ಳಿ. 400 ವ್ಯಾಟಿನ ಸಣ್ಣ ಯಂತ್ರ 230 ವೋಲ್ಟಿನಲ್ಲಿ ಎರಡು ಆಂಪಿಯರ್ ಒಳಗೇ ಎಳೆಯುತ್ತದೆ. ಸಾಧಾರಣ ಪ್ಲಗ್ ಸಾಕು. 1,500 ವ್ಯಾಟಿನದು ಆರೂವರೆ ಆಂಪಿಯರ್ ಎಳೆಯುತ್ತದೆ. ಅದಕ್ಕೆ ಗ್ರೈಂಡರ್, ಗೀಜರಿಗೆ ಬಳಸುವ ದೊಡ್ಡ ಪ್ಲಗ್ಗೇ ಬೇಕು. ಹತ್ತು ಬೈ ಹನ್ನೆರಡರ ಕೋಣೆಗೆ ಸಣ್ಣ ಯಂತ್ರ ಧಾರಾಳವಾಯಿತು. ಕಾಯಲು ಕೆಲವು ನಿಮಿಷ ಬೇಕು, ಅವಸರ ಮಾಡಬೇಡಿ. ಕಾದ ಮೂತಿಯ ಮುಂದೆ ಒಂದು ಮೀಟರಿನೊಳಗೆ ಪರದೆ, ಸೀರೆ, ಮಕ್ಕಳು ಇರಬಾರದು.

ಕ್ರಮ ಹೀಗಿರಲಿ. ಮೊದಲು ಬೆಳಕು, ಚೌಕಟ್ಟು, ಫೋಕಸ್ ಎಲ್ಲ ಹೊಂದಿಸಿಕೊಳ್ಳಿ. ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿ. ಯಂತ್ರದ ಮೂತಿ ಚಿತ್ರದ ವ್ಯಕ್ತಿಯ ಕಡೆಗಲ್ಲ, ದೂರದ ಮೂಲೆಗೆ ತಿರುಗಿರಲಿ. ಎರಡು ಮೂರು ಸೆಕೆಂಡು ಬಿಟ್ಟು ನಿಲ್ಲಿಸಿ. ಬೀಸಣಿಗೆಯಿಂದಲೋ ರಟ್ಟಿನಿಂದಲೋ ನಿಧಾನವಾಗಿ ಬೀಸಿ ಹೊಗೆಯನ್ನು ಕಲಸಿ. ಆಮೇಲೆ ಎರಡು ನಿಮಿಷ ಸುಮ್ಮನಿರಿ. ಮೋಡದ ಗಂಟುಗಳು ಬಿಚ್ಚಿ, ಕೋಣೆ ತುಸು ಹಾಲು ಬೆರೆಸಿದ ನೀರಿನಂತಾದಾಗ ಕಿರಣ ತಾನಾಗಿ ಮೂಡುತ್ತದೆ. ಎದುರುಗೋಡೆಯ ಕ್ಯಾಲೆಂಡರಿನ ಅಂಕಿ ಓದಲು ಬರುವಷ್ಟು ತಿಳಿಯಿದ್ದರೆ ಹದ ಸರಿಯಿದೆ. ಓದಲು ಬರದಿದ್ದರೆ ಬಾಗಿಲು ತೆಗೆದು ಅರ್ಧ ಹೊಗೆ ಹೊರಗೆ ಬಿಡಿ.

ಕಿಂಡಿ, ಕತ್ತಲೆ, ಕನ್ನಡಿ

ಇಡೀ ಕೋಣೆಗೆ ಬೆಳಕು ತುಂಬಿದರೆ ಕಿರಣವಿಲ್ಲ. ಬೆಳಕು ಸಣ್ಣ ದಾರಿಯಲ್ಲಿ ಬರಬೇಕು. ಕಿಟಕಿಗೆ ರಟ್ಟು ಹೊಂದಿಸಿ ಎರಡು ಬೆರಳಗಲದ ಸೀಳುಗಳನ್ನು ಕತ್ತರಿಸಿದರೆ ಸಾಲು ಕಿರಣಗಳು ಸಿಗುತ್ತವೆ. ಕಿರಣ ಹಾಯುವ ಜಾಗದ ಹಿಂದೆ ಕತ್ತಲೆ ಇರಬೇಕು. ಸುಣ್ಣದ ಗೋಡೆಯ ಮುಂದೆ ಕಿರಣ ಕರಗಿಹೋಗುತ್ತದೆ. ನಮ್ಮ ಕುರುಬರು ನೇಯುವ ಕರಿ ಕಂಬಳಿಯನ್ನು ಹಿಂದೆ ಇಳಿಬಿಡಿ. ಒರಟು ಉಣ್ಣೆ ಬೆಳಕನ್ನು ನುಂಗಿಕೊಳ್ಳುತ್ತದೆ, ಮಿರುಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಕರಿ ಬಟ್ಟೆಗೆ ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಬಿಸಿಲಿಗೂ ದೀಪಕ್ಕೂ ಒಂದು ವ್ಯತ್ಯಾಸವಿದೆ. ದೀಪದಿಂದ ಮೂರು ಮೀಟರ್ ದೂರದಲ್ಲಿ ಬೀಳುವ ಬೆಳಕು ಆರು ಮೀಟರಿಗೆ ಹೋಗುವಷ್ಟರಲ್ಲಿ ಕಾಲು ಪಾಲಿಗೆ ಇಳಿಯುತ್ತದೆ. ಸೂರ್ಯ ಬಹಳ ದೂರದವನಾದ್ದರಿಂದ ಕಿಂಡಿಯ ಬಳಿ ಇದ್ದ ಬಿಸಿಲೇ ನೆಲದವರೆಗೂ ಬರುತ್ತದೆ. ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿಯೂ ಇರುತ್ತವೆ.

ಈ ಗುಣವನ್ನು ಜಗತ್ತೇ ನೋಡುವಂತೆ ಬಳಸಿದವರು ಕನ್ನಡಿಗರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ನಿರ್ದೇಶಿಸಿದ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಅವರ ಕ್ಯಾಮೆರಾದ್ದು. ಖಾಲಿ ಸ್ಟುಡಿಯೊದ ಕತ್ತಲಲ್ಲಿ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿಯುವ ಹಾಡಿನ ದೃಶ್ಯ ಅದರಲ್ಲಿದೆ. ಅದಕ್ಕೆ ಮೂರ್ತಿ ದೊಡ್ಡ ದೀಪಗಳನ್ನು ನೆಚ್ಚಲಿಲ್ಲ. ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಿಂದ ಒಳಕ್ಕೆ ಹಾಯಿಸಿ, ಒಳಗೆ ಮತ್ತೊಂದು ಕನ್ನಡಿಯಿಂದ ಕೆಳಕ್ಕೆ ಇಳಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2008ನೇ ಸಾಲಿನದು ಅವರಿಗೆ ಸಂದಿತು. ನಮ್ಮ ಮನೆಯ ಬೀರುವಿನ ಕನ್ನಡಿಯಿಂದಲೂ ಈ ಕೆಲಸ ಆಗುತ್ತದೆ. ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದರೆ ಉತ್ತರ ದಿಕ್ಕಿನ ಕತ್ತಲೆ ಕೋಣೆಗೂ ಬಿಸಿಲು ತರಬಹುದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಕನ್ನಡಿಯನ್ನು ಆಗಾಗ ತಿರುಗಿಸುತ್ತಿರಬೇಕು, ಅಷ್ಟೆ. ಪ್ರತಿಫಲಿಸಿದ ಬಿಸಿಲು ಯಾರ ಕಣ್ಣಿಗೂ ಹೊಡೆಯದಂತೆ ನೋಡಿಕೊಳ್ಳಿ.

ಬೆಳಕಿಂಡಿಯ ಕೋಲು ನೆಟ್ಟಗೆ ಇಳಿಯಬೇಕೆಂದರೆ ಅದಕ್ಕೂ ದಿನವಿದೆ. ಗಂಗಾವತಿ ಸೀಮೆಯಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ 10ರ ಆಸುಪಾಸು ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಹೊತ್ತು ಮಧ್ಯಾಹ್ನ 12:20ರಿಂದ 12:30ರ ಒಳಗೆ. ಆಗಸ್ಟಿನಲ್ಲಿ ಮೋಡದ ಕಾಟವಿರುತ್ತದೆ, ಮೇ ತಿಂಗಳೇ ಖಾತ್ರಿ.

ಕ್ಯಾಮೆರಾದ ಲೆಕ್ಕ

ಹೊಗೆಯಲ್ಲಿ ಆಟೊಫೋಕಸ್ ತಡಕಾಡುತ್ತದೆ. ಹೊಗೆ ಬಿಡುವ ಮುಂಚೆಯೇ ಫೋಕಸ್ ಹಿಡಿದು ಮ್ಯಾನುವಲ್‌ಗೆ ಬದಲಿಸಿ. ಎಕ್ಸ್‌ಪೋಷರನ್ನೂ ಕೈಯಾರೆ ಹೊಂದಿಸಿ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲೆಯನ್ನು ಕಂಡು ಚಿತ್ರವನ್ನು ಬೆಳಗಿಸಿ ಕಿರಣವನ್ನು ಸುಟ್ಟುಬಿಡುತ್ತದೆ. ಒಳಾಂಗಣದಲ್ಲಿ ಐಎಸ್‌ಒ 400–800, ಅಪರ್ಚರ್ ಎಫ್/4, ಶಟರ್ 1/60 ಇಟ್ಟು ಶುರು ಮಾಡಿ. ಕಿರಣದ ಅತಿ ಬೆಳಕಿನ ಭಾಗ ಬಿಳಿಯಾಗಿ ಒಡೆಯದಂತೆ ತಗ್ಗಿಸುತ್ತ ಬನ್ನಿ. ಹೊಗೆಯ ಸುರುಳಿಗಳು ಕಾಣಬೇಕೆಂದರೆ ಶಟರ್ 1/125ಕ್ಕಿಂತ ವೇಗವಾಗಿರಲಿ. ಸುರುಳಿ ಬೇಡ, ನಯವಾದ ಕೋಲು ಸಾಕು ಎಂದರೆ ಟ್ರೈಪಾಡಿನ ಮೇಲೆ ಅರ್ಧ ಸೆಕೆಂಡು, ಒಂದು ಸೆಕೆಂಡು ತೆರೆದಿಡಿ.

ಅಗ್ಗದ ಎಲ್‌ಇಡಿ ದೀಪಗಳು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಚಿತ್ರದಲ್ಲಿ ಪಟ್ಟಿಗಳು ಬೀಳವು. ಬೆಳಕು ಎದುರಿನಿಂದ ಬರುವುದರಿಂದ ಲೆನ್ಸಿಗೆ ಹುಡ್ ಹಾಕಿ, ಹುಡ್ ಇಲ್ಲದಿದ್ದರೆ ಅಂಗೈ ಅಡ್ಡ ಹಿಡಿಯಿರಿ. ಕೆಲಸ ಮುಗಿದ ಮೇಲೆ ಲೆನ್ಸಿನ ಮೇಲೆ ಕೂತ ದ್ರಾವಣದ ಜಿಡ್ಡನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಲೇಸರ್ ಕಿರಣ ಇದ್ದಲ್ಲಿ ಅದು ನೇರವಾಗಿ ಲೆನ್ಸಿಗೆ ಬೀಳಬಾರದು. ಸೆನ್ಸರ್ ಸುಟ್ಟುಹೋಗುತ್ತದೆ, ಕಣ್ಣಿಗಂತೂ ಇನ್ನೂ ಅಪಾಯ.

ಮೊಬೈಲಿನಲ್ಲೂ ಇದೆಲ್ಲ ಸಾಧ್ಯ. ಕಿರಣದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆದು ಕತ್ತಲಾಗಿಸಿ. ನೈಟ್ ಮೋಡ್ ಬೇಡ. ಅದು ಕತ್ತಲೆಯನ್ನೆಲ್ಲ ಬೆಳಕು ಮಾಡಿ ಕಿರಣದ ಕಸುವನ್ನೇ ತೆಗೆಯುತ್ತದೆ.

ಯಂತ್ರ ಬೇಡವಾದ ಜಾಗಗಳು

ಬಯಲಿನಲ್ಲಿ ಹೊಗೆ ಯಂತ್ರ ದುಡಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾದ ಬಯಲುಗಳಲ್ಲಿ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ ಎಂದರೆ ಅಲ್ಲಿ ಬೀಸುವ ಗಾಳಿ ಎಂಥದು ಎಂದು ತಿಳಿಯುತ್ತದೆ. ಮುಂಗಾರಿನ ಗಾಳಿಯಲ್ಲಿ ಲೀಟರುಗಟ್ಟಲೆ ದ್ರಾವಣ ಸುರಿದರೂ ಹೊಗೆ ಕ್ಷಣ ನಿಲ್ಲದು.

ಆದರೆ ಈ ಸೀಮೆಗೆ ಯಂತ್ರದ ಹಂಗಿಲ್ಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಗಂಗಾವತಿಯ ಗದ್ದೆಗಳ ಮೇಲೆ ಮಂಜು ಮಲಗಿರುತ್ತದೆ. ಸೂರ್ಯ ಗುಡ್ಡದ ಅಂಚಿಗೆ ಬಂದ ಹತ್ತು ಹದಿನೈದು ನಿಮಿಷ ತೆಂಗಿನ ಸಾಲಿನ ನಡುವೆ ಕೋಲುಗಳು ಇಳಿಯುತ್ತವೆ. ಭತ್ತದ ಕೊಯ್ಲಿನ ದಿನಗಳಲ್ಲಿ ಕಣದ ಧೂಳು, ಅಕ್ಕಿ ಗಿರಣಿಯೊಳಗೆ ತವುಡಿನ ಧೂಳು ತಗಡಿನ ತೂತುಗಳ ಬಿಸಿಲನ್ನು ಹಿಡಿದು ತೋರಿಸುತ್ತವೆ. ಇಳಿಹೊತ್ತಿನಲ್ಲಿ ಕುರಿ ಹಿಂಡು ಹಟ್ಟಿಗೆ ಮರಳುವಾಗ ಏಳುವ ಗೋಧೂಳಿಯಲ್ಲಿ ಜಾಲಿಮರಗಳ ನಡುವಿನ ಬೆಳಕನ್ನು ನೋಡಿ. ಸೂರ್ಯನ ಕಡೆಗೆ ಮುಖ ಮಾಡಿ ನಿಲ್ಲುವುದೊಂದೇ ನಿಮ್ಮ ಕೆಲಸ.

ಹೇಮಗುಡ್ಡದಲ್ಲಂತೂ ಕಿಂಡಿಗಳನ್ನು ಬಂಡೆಗಳೇ ಮಾಡಿಕೊಟ್ಟಿವೆ. ಕುಮಾರರಾಮನ ಕಾಲದ ನೆನಪು ಹೊತ್ತ ಈ ಕೋಟೆಯ ಗುಡ್ಡದಲ್ಲಿ ಒಂದರ ಮೇಲೊಂದು ಕೂತ ಕಗ್ಗಲ್ಲುಗಳ ಸಂದಿನಿಂದ ಬೆಳಗಿನ ಬಿಸಿಲು ತೆಳುವಾಗಿ ತೂರಿಬರುತ್ತದೆ. ಹಿಂದೆ ಬಂಡೆಯ ನೆರಳು ಕಂಬಳಿಗಿಂತ ಕಪ್ಪು. ಅಲ್ಲಿ ಕಾದು ಕೂತರೆ ಸಾಕು. ಆದರೆ ಇದು ಚಿರತೆ, ಕರಡಿಗಳ ಸೀಮೆ. ನಸುಕಿನಲ್ಲಿ ಒಬ್ಬರೇ ಹೋಗಬೇಡಿ, ಊರಿನವರನ್ನು ಕೇಳಿ ಹೋಗಿ. ಬಣ್ಣದ ಹೊಗೆ ಉಗುಳುವ ಪಟಾಕಿಯಂಥ ಕೊಳವೆಗಳನ್ನು ಗುಡ್ಡಕ್ಕೆ ಒಯ್ಯಲೇಬೇಡಿ. ಅವು ಉರಿದೇ ಹೊಗೆ ಕೊಡುವಂಥವು. ಬೇಸಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು.

ನವರಾತ್ರಿಯಲ್ಲಿ ಹೇಮಗುಡ್ಡದ ದುರ್ಗಾಪರಮೇಶ್ವರಿ ಆನೆಯ ಮೇಲಿನ ಅಂಬಾರಿಯಲ್ಲಿ ಮೆರವಣಿಗೆ ಹೊರಡುವಾಗ ಕ್ಯಾಮೆರಾಗಳು ನೂರಾರು. ಜನರ ಕಾಲಡಿಯ ಧೂಳು, ಧೂಪದ ಹೊಗೆ, ಸಾಲುದೀಪ ಎಲ್ಲ ಅಲ್ಲೇ ಇರುತ್ತವೆ. ಆನೆಯ ಹತ್ತಿರ ಯಂತ್ರದ ಹೊಗೆಯಾಗಲಿ, ಫ್ಲ್ಯಾಶ್ ಆಗಲಿ ಬೇಡ. ಬೆದರಿದ ಆನೆಯ ಮುಂದೆ ಸಾವಿರಾರು ಜನರಿದ್ದಾರೆ ಎನ್ನುವುದನ್ನು ಮರೆಯಬಾರದು.

ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿಗಳಂಥ ಸಂರಕ್ಷಿತ ಸ್ಮಾರಕಗಳಲ್ಲೂ ಹೊಗೆ ಬಿಡಬಾರದು. ದೀಪ, ಸಲಕರಣೆ ಒಯ್ದು ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಟಗಿಯ ಗುಡಿ 1112ರದು. ಒಂಬತ್ತು ನೂರು ವರ್ಷ ಮೀರಿ ಉಳಿದ ಕಲ್ಲಿನ ಕುಸುರಿಯ ಮೇಲೆ ಜಿಡ್ಡು ಕೂರಿಸುವ ಹಕ್ಕು ಯಾರಿಗೂ ಇಲ್ಲ. ತೆರೆದ ಮಂಟಪದ ಕಂಬಗಳ ನಡುವೆ ಓರೆಯಾಗಿ ಬರುವ ಬೆಳಕೇ ಅಲ್ಲಿ ಬೇಕಾದಷ್ಟು.

ಉಸಿರಿನ ಎಚ್ಚರ

ಯಂತ್ರಕ್ಕೆ ಅದಕ್ಕೆಂದೇ ತಯಾರಿಸಿದ ದ್ರಾವಣ ಮಾತ್ರ ಹಾಕಿ. ಮನೆಯಲ್ಲಿ ಕಲಸಿದ್ದು, ಸೆಂಟು ಬೆರೆಸಿದ್ದು, ಎಣ್ಣೆ ಇವು ಬೇಡ. ಸೊಳ್ಳೆ ಓಡಿಸಲು ಊರಲ್ಲಿ ತಿರುಗಿಸುವ ಫಾಗಿಂಗ್ ಮಷಿನ್ ಬೇರೆಯದೇ ವಸ್ತು. ಅದರಲ್ಲಿ ಡೀಸೆಲ್ಲೂ ಕೀಟನಾಶಕವೂ ಇರುತ್ತವೆ. ಅದನ್ನು ಚಿತ್ರಕ್ಕೆ ಬಳಸಿದರೆ ವಿಷ ಉಸಿರಾಡಿದಂತೆ. ಅಸ್ತಮಾ ಇರುವವರು, ಹಸುಗೂಸುಗಳು, ಬಸುರಿಯರು, ವಯಸ್ಸಾದವರು ಹೊಗೆಯ ಕೋಣೆಯಲ್ಲಿ ಇರಬಾರದು. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ, ಅದು ಒಡೆಯಬಹುದು. ಅದರ ಅನಿಲ ನೆಲಮಟ್ಟದಲ್ಲಿ ಕೂಡುವುದರಿಂದ ಚಿಕ್ಕ ಮಕ್ಕಳಿಗೆ ಮೊದಲು ಉಸಿರು ಕಟ್ಟುತ್ತದೆ.

ಇಷ್ಟು ಓದಿದ ಮೇಲೆ ಯಂತ್ರ ಬಾಡಿಗೆಗೆ ತರುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಬೆಳಕಿಂಡಿಯ ಮಾಳಿಗೆ ಮನೆ ಉಳಿದಿದೆಯೇ ಕೇಳಿ. ಆರ್‌ಸಿಸಿ ಬಂದು ಅವು ಒಂದೊಂದಾಗಿ ಹೋಗುತ್ತಿವೆ. ಮನೆಯವರನ್ನು ಕೇಳಿಕೊಂಡು, ಒಲೆ ಹೊತ್ತುವ ಹೊತ್ತಿಗೆ ಹೋಗಿ, ಕತ್ತಲ ಮೂಲೆಗೆ ಎದುರಾಗಿ ಕೂತು ಆ ಕೋಲಿನ ಚಿತ್ರ ತೆಗೆಯಿರಿ. ಬೆಳಕು ಹಿಡಿಯುವ ಹದ ಅಲ್ಲಿ ಕೈಗೆ ಹತ್ತುತ್ತದೆ. ಮುಂದಿನವರು ನೋಡಲು ಆ ಕಿಂಡಿಯ ದಾಖಲೆಯೊಂದೂ ಉಳಿಯುತ್ತದೆ.